ತಾಯ್ನುಡಿಯ ಬೇರು ಹುಡುಕಿ ಹೊರಟು ಟಿಬೆಟನ್ ನಿಘಂಟು ಬರೆದ ಚೋಮಾ

ಮನೆಯಲ್ಲಿ ಒಂದು ಭಾಷೆ, ಪೇಟೆ-ಕಚೇರಿಗಳಲ್ಲಿ ಇನ್ನೊಂದು. ಗಡಿನಾಡಿನ ನಮಗೆ ಇದು ಹೊಸತಲ್ಲ. ಯುರೋಪಿನ ಟ್ರಾನ್ಸಿಲ್ವೇನಿಯವೂ ಅಂಥದೇ ಪ್ರದೇಶ. ಅಲ್ಲಿನ ಕೊರೋಶ್ ಎಂಬ ಹಳ್ಳಿಯ ಬಡ ಹಂಗೇರಿಯನ್ ಕುಟುಂಬದಲ್ಲಿ 1784ರಲ್ಲಿ ಹುಟ್ಟಿದವನು ಅಲೆಕ್ಸಾಂಡರ್ ಚೋಮಾ. ಆ ಊರು ಇಂದು ರುಮೇನಿಯಾದಲ್ಲಿದೆ. ಅಲ್ಲಿನವರ ಮನೆಮಾತು ಈಗಲೂ ಹಂಗೇರಿಯನ್.

ಹಂಗೇರಿಯನ್ ಭಾಷೆಗೆ ಸುತ್ತಮುತ್ತಲಿನ ಭಾಷೆಗಳ ನಂಟಿಲ್ಲ. ಹಾಗಾದರೆ ನಮ್ಮ ಹಿರಿಯರು ಎಲ್ಲಿಂದ ಬಂದರು? ದುಡಿದುಕೊಂಡೇ ಓದುತ್ತಿದ್ದ ಚೋಮಾನನ್ನು ವಿದ್ಯಾರ್ಥಿ ದೆಸೆಯಲ್ಲೇ ಈ ಪ್ರಶ್ನೆ ಹಿಡಿಯಿತು. ಮೂಲ ಮಧ್ಯ ಏಷ್ಯಾದಲ್ಲಿದೆ ಎಂದು ನಂಬಿದ ಆತ, ಅಲ್ಲಿಗೆ ಹೋಗಿಯೇ ತೀರುವೆನೆಂದು ಪಣ ತೊಟ್ಟ. ಜರ್ಮನಿಯ ಗೋಟಿಂಗೆನ್ ವಿಶ್ವವಿದ್ಯಾಲಯದಲ್ಲಿ ಅರಬ್ಬಿ, ಇಂಗ್ಲಿಷ್ ಕಲಿತ.

1819ರಲ್ಲಿ ಊರು ಬಿಟ್ಟಾಗ ವಯಸ್ಸು 35. ಬಾಗ್ದಾದ್, ತೆಹರಾನ್, ಬುಖಾರಾ, ಕಾಬೂಲ್, ಲಾಹೋರ್ ದಾಟಿ, ಬಹುಪಾಲು ನಡೆದುಕೊಂಡೇ, 1822ರಲ್ಲಿ ಲಡಾಖ್ ತಲುಪಿದ. ಮುಂದಿನ ದಾರಿ ಮುಚ್ಚಿತ್ತು. ಅಲ್ಲಿ ಭೇಟಿಯಾದ ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿ ಮೂರ್‌ಕ್ರಾಫ್ಟ್, ಟಿಬೆಟನ್ ಕಲಿಯುವಂತೆ ಹುರಿದುಂಬಿಸಿದ.

ಝನ್ಸ್ಕಾರ್ ಕಣಿವೆಯ ಝಂಗ್ಲಾದಲ್ಲಿ ಒಂಬತ್ತು ಅಡಿಯ ಚೌಕ ಕೋಣೆ. ಚೋಮಾ, ಗುರು ಲಾಮಾ, ಒಬ್ಬ ಆಳು. ಚಳಿಗಾಲವಿಡೀ ಹೊರಗೆ ಹಿಮ, ಒಳಗೆ ಬೆಂಕಿಯಿಲ್ಲ. ಕುರಿಚರ್ಮ ಹೊದ್ದು ಬೆಳಗಿನಿಂದ ಕತ್ತಲಾಗುವವರೆಗೆ ಓದು. ಹೀಗೆ 16 ತಿಂಗಳು ಕಳೆದವು.

1824ರ ಕೊನೆಗೆ ಕೆಳಗಿಳಿದು ಬಂದಾಗ ಗೂಢಚಾರನಿರಬಹುದೆಂದು ಬ್ರಿಟಿಷರು ಸಬಾಥುವಿನಲ್ಲಿ ತಡೆದು ನಿಲ್ಲಿಸಿದರು. ಸಂಶಯ ನೀಗಿದ ಮೇಲೆ ತಿಂಗಳಿಗೆ 50 ರೂಪಾಯಿ ಗೊತ್ತುಮಾಡಿದರು. ಇಂದಿನ ಹಿಮಾಚಲದ ಕಾನಮ್ ಮಠದಲ್ಲಿ 1827ರಿಂದ 1830ರವರೆಗೆ ಕುಳಿತು ಕೆಲಸ ಮುಂದುವರಿಸಿದ. ಸೆರಾಂಪುರದಲ್ಲಿ 1826ರಲ್ಲೇ ಒಂದು ಟಿಬೆಟನ್ ನಿಘಂಟು ಅಚ್ಚಾಗಿತ್ತು, ಆದರೆ ಅದರ ತುಂಬ ತಪ್ಪುಗಳು. 1834ರಲ್ಲಿ ಕಲ್ಕತ್ತದಲ್ಲಿ ಚೋಮಾನ ನಿಘಂಟೂ ವ್ಯಾಕರಣವೂ ಹೊರಬಂದವು. ವಿದ್ವಾಂಸರು ನೆಚ್ಚಿಕೊಳ್ಳಬಹುದಾದ ಮೊದಲ ಗ್ರಂಥಗಳು ಅವೇ.

ಮುಂದೆ ಏಷ್ಯಾಟಿಕ್ ಸೊಸೈಟಿಯ ಗ್ರಂಥಪಾಲನಾದರೂ ಹಳೆಯ ಪ್ರಶ್ನೆ ಅವನನ್ನು ಬಿಡಲಿಲ್ಲ. 1842ರಲ್ಲಿ ಲಾಸಾಗೆ ಹೊರಟ. ತರಾಯಿ ಕಾಡಿನ ಹಾದಿಯಲ್ಲಿ ಮಲೇರಿಯಾ ತಗುಲಿತು. ಏಪ್ರಿಲ್ 11ರಂದು ಡಾರ್ಜಿಲಿಂಗ್‌ನಲ್ಲಿ ಕಣ್ಣುಮುಚ್ಚಿದ. ಸಮಾಧಿ ಅಲ್ಲೇ ಇದೆ.

ಹಂಗೇರಿಯನ್‌ನ ಹತ್ತಿರದ ನೆಂಟರು ಟಿಬೆಟಿನ ಕಡೆ ಇರಲಿಲ್ಲ. ಉರಲ್ ಪರ್ವತದಾಚೆಯ ಖಾಂತಿ, ಮಾನ್ಸಿ ಭಾಷೆಗಳೇ ಅವು ಎಂಬುದು ಇಂದು ತಿಳಿದಿದೆ. ಚೋಮಾ ಹುಡುಕಿದ್ದು ಸಿಗಲಿಲ್ಲ. ಆದರೆ ತನ್ನ ನುಡಿಯ ಮೇಲಿನ ಪ್ರೀತಿಯಿಂದ ಹೊರಟವನು ಇನ್ನೊಬ್ಬರ ನುಡಿಗೆ ಮಾಡಿಟ್ಟ ಕೆಲಸ, ಜಗತ್ತಿನಲ್ಲಿ ಟಿಬೆಟನ್ ಅಧ್ಯಯನಕ್ಕೆ ಬುನಾದಿಯಾಯಿತು.