ಲಕೋಟೆಯಲ್ಲಿ ಜೆ.ಆರ್.ಡಿ. ಟಾಟಾ

ಬೋಧನಾಭ್ಯಾಸದಲ್ಲಿ ಎಂಟನೆಯ ತರಗತಿಗೆ ಜೆ.ಆರ್.ಡಿ. ಟಾಟಾ ಅವರ ಜೀವನವನ್ನು ಪರಿಚಯಿಸಲು ನಾನು ಆರಿಸಿಕೊಂಡ ಪಾಠೋಪಕರಣ, 1932ರ ವಿಮಾನ ಅಂಚೆ ಲಕೋಟೆಯೊಂದರ ಚಿತ್ರ.

ಟಾಟಾ ಹುಟ್ಟಿದ್ದು 1904ರಲ್ಲಿ, ಪ್ಯಾರಿಸ್‌ನಲ್ಲಿ. ಭಾರತದಲ್ಲಿ ನೀಡಲಾದ ಮೊದಲ ವಿಮಾನ ಚಾಲನಾ ಪರವಾನಗಿ 1929ರಲ್ಲಿ ಅವರಿಗೆ ದೊರೆಯಿತು. ವಿಮಾನ ಅಂಚೆಯ ಯೋಜನೆಯನ್ನು ಅವರ ಮುಂದಿಟ್ಟವರು ನೆವಿಲ್ ವಿನ್ಸೆಂಟ್ ಎಂಬ ವೈಮಾನಿಕ. ಸರ್ಕಾರ ಸಹಾಯಧನ ಕೊಡಲಿಲ್ಲ. ಆದರೂ 1932ರ ಅಕ್ಟೋಬರ್ 15ರಂದು ಟಾಟಾ ಪುಟ್ಟ ಪುಸ್ ಮಾತ್ ವಿಮಾನದಲ್ಲಿ ಒಬ್ಬರೇ ಕುಳಿತು ಕರಾಚಿಯಿಂದ ಅಹಮದಾಬಾದ್ ಮಾರ್ಗವಾಗಿ ಮುಂಬಯಿಗೆ ಅಂಚೆ ತಂದರು. ಅಲ್ಲಿಂದ ಅದನ್ನು ಒಯ್ದವರು ವಿನ್ಸೆಂಟ್. ಅವರು ನಮ್ಮ ಬಳ್ಳಾರಿಯಲ್ಲಿ ರಾತ್ರಿ ತಂಗಿ ಮದ್ರಾಸು ತಲುಪಿದರು.

ಆ ಸಂಸ್ಥೆಯೇ ಮುಂದೆ ಏರ್ ಇಂಡಿಯಾ ಆಯಿತು. 1953ರಲ್ಲಿ ಅದು ರಾಷ್ಟ್ರೀಕರಣಗೊಂಡಿತು. 1982ರಲ್ಲಿ, 78ರ ವಯಸ್ಸಿನಲ್ಲಿ, ಟಾಟಾ ಕರಾಚಿಯಿಂದ ಮುಂಬಯಿಗೆ ಮತ್ತೆ ಹಾರಿದರು. 1993ರಲ್ಲಿ ಜಿನೀವಾದಲ್ಲಿ ತೀರಿಕೊಂಡರು.

ಸಂಗ್ರಾಹಕರಿಗೆ ಟಾಟಾ ಸಹಿಯಿರುವ ಲಕೋಟೆ ಬಹಳ ಅಮೂಲ್ಯ. ನಾನು ಮಾತ್ರ ಮಕ್ಕಳಿಂದ ಅಂಚೆಮುದ್ರೆಗಳನ್ನೇ ಓದಿಸುತ್ತೇನೆ: ಯಾವ ಊರು, ಯಾವ ದಿನ? ನಡುವೆ ಈ ಕಾಗದವನ್ನು ಸಾಗಿಸಿದವರು ಯಾರ್ಯಾರು? ಉತ್ತರ ಹುಡುಕುತ್ತ ಹೋದರೆ ವಿನ್ಸೆಂಟ್, ಅಹಮದಾಬಾದಿನಲ್ಲಿ ಎತ್ತಿನಗಾಡಿಯಲ್ಲಿ ಪೆಟ್ರೋಲ್ ಡಬ್ಬಗಳನ್ನು ತಂದವರು, ಮುದ್ರೆಯೊತ್ತಿದ ಅಂಚೆ ನೌಕರರು ಎಲ್ಲರೂ ಪಾಠದೊಳಗೆ ಬರುತ್ತಾರೆ. ಇದರಿಂದ ಟಾಟಾ ಅವರ ಹಿರಿಮೆಯೇನೂ ಕುಗ್ಗದು. ಸಹಿಯಲ್ಲಿ ಒಬ್ಬರ ಹೆಸರಿದೆ. ಮುದ್ರೆಗಳಲ್ಲಿ ಹಲವರ ದುಡಿಮೆಯಿದೆ. ಜೀವನಚರಿತ್ರೆಯ ಪಾಠದಲ್ಲಿ ಮಕ್ಕಳು ಎರಡನ್ನೂ ಕಾಣಬೇಕು.