ಸಿಡಿಲಿನ ಜಾಡು ಹಿಡಿದ ಸ್ಟೈನ್‌ಮೆಟ್ಸ್

ರೋಹಿಣಿ ಮಳೆಯ ಗುಡುಗು ಕೇಳಿದರೆ ರಾಮದುರ್ಗದ ಮಗ್ಗದವರಿಗೆ ಮೊದಲು ನೆನಪಾಗುವುದು ಮೇನ್ ಸ್ವಿಚ್. ಮೋಟರ್ ಸುಟ್ಟರೆ ರಿಪೇರಿ ಆಗುವವರೆಗೂ ದುಡಿಮೆ ಇಲ್ಲ. ತಂತಿಗೆ ಸಿಡಿಲು ಬಡಿದಾಗ ಯಂತ್ರ ಉಳಿಸುವುದು ಹೇಗೆಂದು ಕೊನೆಯವರೆಗೂ ಹುಡುಕಿದವರು ಚಾರ್ಲ್ಸ್ ಸ್ಟೈನ್‌ಮೆಟ್ಸ್.

ಈಗ ಪೋಲೆಂಡ್‌ನಲ್ಲಿರುವ ಬ್ರೆಸ್ಲಾವ್‌ನಲ್ಲಿ 1865ರಲ್ಲಿ ಹುಟ್ಟಿದ ಅವರದು ಗೂನು ಬೆನ್ನು, ಕುಳ್ಳ ದೇಹ. ಸಮಾಜವಾದಿ ಬರಹಗಳಿಂದಾಗಿ ಬಂಧನದ ಭೀತಿ ಎದುರಾಗಿ ದೇಶ ಬಿಟ್ಟರು. 1889ರಲ್ಲಿ ನ್ಯೂಯಾರ್ಕ್ ಬಂದರಿನ ಅಧಿಕಾರಿಗಳು ಹಿಂದಕ್ಕೆ ಕಳಿಸಲು ಹೊರಟಾಗ ಜೊತೆಗಿದ್ದ ಗೆಳೆಯ ಹೊಣೆ ಹೊತ್ತ. ಮುಂದೆ ಎಸಿ ವಿದ್ಯುತ್ತಿನ ಕಠಿಣ ಲೆಕ್ಕಗಳನ್ನು ಸುಲಭಗೊಳಿಸಿ, ಜನರಲ್ ಎಲೆಕ್ಟ್ರಿಕ್ ಕಂಪನಿಯ ಹೆಸರಾಂತ ಎಂಜಿನಿಯರ್ ಆದರು.

1920ರಲ್ಲಿ ಅವರ ಬೇಸಿಗೆ ಮನೆಗೆ ಸಿಡಿಲು ಬಡಿದು ಕನ್ನಡಿ ಪುಡಿಯಾಯಿತು. ಅದರ ಚೂರುಗಳನ್ನು ಆಯ್ದು ಜೋಡಿಸಿ ಸಿಡಿಲು ಹರಿದ ದಾರಿಯನ್ನು ಅಭ್ಯಾಸ ಮಾಡಿದರು. 1922ರಲ್ಲಿ ಲ್ಯಾಬಿನಲ್ಲೇ ಲಕ್ಷಕ್ಕೂ ಹೆಚ್ಚು ವೋಲ್ಟಿನ ಕೃತಕ ಸಿಡಿಲು ಹುಟ್ಟಿಸಿದರು. ರಕ್ಷಣಾ ಸಾಧನಗಳನ್ನು ಪರೀಕ್ಷಿಸಲು ಇದರಿಂದ ದಾರಿಯಾಯಿತು. ಮರುವರ್ಷ ತೀರಿಕೊಂಡರು.

ನಮ್ಮ ಓಣಿಯ ಟಿಸಿ ಮೇಲಿನ ಪುಟ್ಟ ಅರೆಸ್ಟರ್ ಸಿಡಿಲಿನ ಹೊಡೆತವನ್ನು ನೆಲಕ್ಕಿಳಿಸುತ್ತದೆ. ಅರ್ಥಿಂಗ್ ಕೆಟ್ಟಿದ್ದರೆ ಅದೂ ಕೈಚೆಲ್ಲುತ್ತದೆ. ಮಳೆಗಾಲಕ್ಕೆ ಮೊದಲೇ ಅರ್ಥಿಂಗ್ ನೋಡಿಸಿಕೊಳ್ಳೋಣ.