ಟಾಪ್ ಲಿಂಕ್ ಹಿಂದಿನ ಮನುಷ್ಯ: ಹ್ಯಾರಿ ಫರ್ಗುಸನ್

ಹೋದ ಸೆಮಿಸ್ಟರ್ ರಜೆಯಲ್ಲಿ ನಾವು ಮೂರು ಮಂದಿ ಮೆಕ್ಯಾನಿಕಲ್ ಹುಡುಗರು ಕಲಘಟಗಿ ತಾಲೂಕಿನ ದೇವಿಕೊಪ್ಪಕ್ಕೆ, ಗೆಳೆಯನ ಮನೆಗೆ ಹೋಗಿದ್ದೆವು. ಅಲ್ಲಿ ಅವನ ಕಾಕಾನ ಹಳೇ ಟ್ರ್ಯಾಕ್ಟರ್ ಗುಂಯ್ ಅಂತ ಒಂದೇ ಸಮನೆ ಒದರುತ್ತಿತ್ತು. ಮಿಸ್ತ್ರಿ ಬಂದು ನೋಡಿ, ಗೇರ್ ಬಾಕ್ಸ್ ಬಿಚ್ಚಲೇಬೇಕು ಅಂತ ಹೇಳಿ ಹೋಗಿದ್ದ. ಗೇರ್ ಬಾಕ್ಸ್ ಬಿಚ್ಚೋದಂದ್ರೆ ಟ್ರ್ಯಾಕ್ಟರನ್ನ ನಡುವೆ ಎರಡು ತುಂಡು ಮಾಡಿದಂಗೆ. ಖರ್ಚಿನ ಮಾತು ಹಾಗಿರಲಿ, ಗೋವಿನಜೋಳ ಬಿತ್ತೋ ಹೊತ್ತು ಅದು. ಹದ ತಪ್ಪಿದರೆ ವರ್ಷದ ಬೆಳೆಗೇ ಪೆಟ್ಟು.

ನಾವು ಗೇರ್‌ಗಳ ಮೇಲೆ ಪರೀಕ್ಷೆ ಬರೆದು ಬಂದವರು. ಸುಮ್ಮನೆ ಕೂರೋಕಾಗುತ್ತಾ? ಉದ್ದನೆಯ ಸ್ಕ್ರೂ ಡ್ರೈವರ್ ತಗೊಂಡು, ತುದಿ ಹೌಸಿಂಗ್ ಮೇಲೆ, ಹಿಡಿಕೆ ಕಿವಿಗೆ ಇಟ್ಟು ಶುರು ಮಾಡಿಯೇಬಿಟ್ಟೆವು. ಮುಂದೆ ಏನಾಯಿತು ಅನ್ನೋದನ್ನ ಕೊನೆಗೆ ಹೇಳುತ್ತೇವೆ. ಅದಕ್ಕೂ ಮೊದಲು, ಆ ಟ್ರ್ಯಾಕ್ಟರ್ ಹಿಂಭಾಗದ ಒಳಗಿನ ವ್ಯವಸ್ಥೆ ಹಾಗೆ ಇರೋದಕ್ಕೆ ಕಾರಣನಾದ ಒಬ್ಬ ಮನುಷ್ಯನ ಕಥೆ ಕೇಳಬೇಕು.

ಹ್ಯಾರಿ ಫರ್ಗುಸನ್ ಹುಟ್ಟಿದ್ದು 1884ರ ನವೆಂಬರ್ 4ರಂದು, ಉತ್ತರ ಐರ್ಲೆಂಡಿನ ಡೌನ್ ಕೌಂಟಿಯ ಗ್ರೋವೆಲ್ ಎಂಬ ಹಳ್ಳಿಯಲ್ಲಿ. ರೈತರ ಮನೆ, ಹನ್ನೊಂದು ಮಕ್ಕಳು, ಅಪ್ಪ ಭಾಳ ಕಟ್ಟುನಿಟ್ಟು. ಹ್ಯಾರಿಗೆ ಹೊಲದ ಕೆಲಸ ಹಿಡಿಸಲಿಲ್ಲ. 1902ರಲ್ಲಿ ಬೆಲ್‌ಫಾಸ್ಟ್‌ನಲ್ಲಿದ್ದ ಅಣ್ಣನ ಸೈಕಲ್, ಕಾರು ರಿಪೇರಿ ಅಂಗಡಿ ಸೇರಿಕೊಂಡರು. ಇಂಜಿನಿಯರಿಂಗ್ ಪದವಿ ಅವರಿಗೆ ಇರಲಿಲ್ಲ. ಕಲಿತದ್ದೆಲ್ಲಾ ಗ್ಯಾರೇಜಿನಲ್ಲೇ. ಇಂಜಿನ್ ಟ್ಯೂನ್ ಮಾಡೋದರಲ್ಲಿ ಬೇಗ ಹೆಸರು ಮಾಡಿದರು. ಅಷ್ಟಕ್ಕೇ ನಿಲ್ಲದೆ ತಾವೇ ವಿಮಾನ ಕಟ್ಟಿ, 1909ರ ಡಿಸೆಂಬರ್ 31ರಂದು ಹಿಲ್ಸ್‌ಬರೋದಲ್ಲಿ ಸುಮಾರು 130 ಗಜ ಹಾರಿಸಿದರು. ಐರ್ಲೆಂಡಿನ ನೆಲದಿಂದ ವಿಮಾನ ಹಾರಿಸಿದ ಮೊದಲಿಗರು ಅವರೇ. 1911ರಲ್ಲಿ ಅಣ್ಣನಿಂದ ಬೇರೆಯಾಗಿ ಸ್ವಂತ ಗ್ಯಾರೇಜ್ ತೆರೆದರು.

ಬಿಟ್ಟು ಬಂದ ಹೊಲ ಅವರನ್ನ ಮತ್ತೆ ಕರೆದದ್ದು ಮೊದಲ ಮಹಾಯುದ್ಧದ ಹೊತ್ತಿಗೆ. ಆಹಾರಕ್ಕೆ ಕೊರತೆ, ಟ್ರ್ಯಾಕ್ಟರ್‌ಗಳಿಂದ ಉಳಬೇಕಾದ ಅನಿವಾರ್ಯತೆ. 1917ರಲ್ಲಿ ಐರ್ಲೆಂಡಿನ ಸರ್ಕಾರಿ ಕೃಷಿ ಇಲಾಖೆಯವರು ಅವರಿಗೆ ಒಂದು ಕೆಲಸ ವಹಿಸಿದರು: ಊರೂರು ಸುತ್ತಿ, ಟ್ರ್ಯಾಕ್ಟರ್ ಯಾಕೆ ಸರಿಯಾಗಿ ಕೆಲಸ ಮಾಡುತ್ತಿಲ್ಲ ನೋಡಬೇಕು. ಜೊತೆಗೆ ಗ್ಯಾರೇಜಿನ ಮೆಕ್ಯಾನಿಕ್ ವಿಲಿ ಸ್ಯಾಂಡ್ಸ್. ಅಂದರೆ ಫರ್ಗುಸನ್ ಅವರ ದೊಡ್ಡ ಕೆಲಸ ಶುರುವಾದದ್ದು ಆವಿಷ್ಕಾರದಿಂದ ಅಲ್ಲ, ದೋಷ ಹುಡುಕೋದರಿಂದ.

ಆಗಿನ ಟ್ರ್ಯಾಕ್ಟರ್ ಅಂದರೆ ಎತ್ತಿನ ಬದಲು ಕಟ್ಟಿದ ಕಬ್ಬಿಣದ ಎತ್ತು, ಅಷ್ಟೇ. ಹಿಂದೆ ನೇಗಿಲು ಜೋತುಬಿದ್ದು ಬರೋದು. ಗಾಲಿ ಜಾರಿದರೆ ಟ್ರ್ಯಾಕ್ಟರಿನ ತೂಕ ಹೆಚ್ಚಿಸೋದು, ತೂಕ ಹೆಚ್ಚಾದರೆ ಮಣ್ಣು ಗಟ್ಟಿಯಾಗೋದು, ಇಂಧನ ಹೆಚ್ಚು ಕುಡಿಯೋದು. ಕುಳ ಕಲ್ಲಿಗೋ ಬೇರಿಗೋ ಸಿಕ್ಕಿಕೊಂಡರೆ ಮುಂದಿನ ಗಾಲಿ ಎದ್ದು ಟ್ರ್ಯಾಕ್ಟರ್ ಹಿಂದಕ್ಕೆ ಮಗುಚಿ ಚಾಲಕನ ಮೇಲೇ ಬೀಳೋದು. ಹಾಗೆ ಜೀವ ಹೋದವರಿದ್ದರು. ಎಲ್ಲರೂ ಟ್ರ್ಯಾಕ್ಟರನ್ನೇ ರಿಪೇರಿ ಮಾಡಲು ಹೊರಟಿದ್ದಾಗ, ದೋಷ ಇರೋದು ಟ್ರ್ಯಾಕ್ಟರಿನಲ್ಲೂ ಅಲ್ಲ, ನೇಗಿಲಿನಲ್ಲೂ ಅಲ್ಲ, ಎರಡನ್ನೂ ಜೋಡಿಸುವ ಜಾಗದಲ್ಲಿ ಎಂದು ಫರ್ಗುಸನ್ ಗುರುತಿಸಿದರು.

ಆ ಜೋಡಣೆ ಸರಿಯಾಗೋಕೆ ವರ್ಷಗಟ್ಟಲೆ ಹಿಡಿಯಿತು. 1926ರ ಪೇಟೆಂಟ್ ಹೊತ್ತಿಗೆ ಮೂಲ ವಿಚಾರ ಗಟ್ಟಿಯಾಗಿತ್ತು. ಮುಂದೆ ಅದು ಈಗ ನಾವು ನೋಡುವ ಮೂರು ತೋಳಿನ ರೂಪಕ್ಕೆ ಬಂತು. ಕೆಳಗಿನ ಎರಡು ತೋಳು ನೇಗಿಲನ್ನ ಎಳೆಯುತ್ತವೆ. ಮಣ್ಣು ತಡೆದಾಗ ನೇಗಿಲು ಮುಂದಕ್ಕೆ ಬಾಗಲು ನೋಡುತ್ತದೆ, ಆಗ ಮೇಲಿನ ತೋಳು, ಅಂದರೆ ಟಾಪ್ ಲಿಂಕ್, ಟ್ರ್ಯಾಕ್ಟರನ್ನ ಮುಂದಕ್ಕೆ ಒತ್ತುತ್ತದೆ. ಈ ಒತ್ತಡದಿಂದ ಮುಂದಿನ ಗಾಲಿ ಏಳೋದು ತಪ್ಪುತ್ತದೆ, ನೇಗಿಲಿನ ಭಾರ ಹಿಂದಿನ ಗಾಲಿಗೆ ಬಿದ್ದು ಹಿಡಿತ ಹೆಚ್ಚುತ್ತದೆ. ಅದೇ ಒತ್ತಡ ಒಂದು ಸ್ಪ್ರಿಂಗನ್ನೂ ಅದುಮುತ್ತದೆ. ಸ್ಪ್ರಿಂಗ್ ಹೈಡ್ರಾಲಿಕ್ ವಾಲ್ವನ್ನ ಸರಿಸುತ್ತದೆ, ನೇಗಿಲು ತುಸು ಮೇಲೇಳುತ್ತದೆ. ಭಾರ ಇಳಿದರೆ ಮತ್ತೆ ಕೆಳಗೆ. ಕಂಟ್ರೋಲ್ ಸಿಸ್ಟಮ್ಸ್ ಕ್ಲಾಸಿನಲ್ಲಿ ನಾವು ಬಿಡಿಸುವ ಫೀಡ್‌ಬ್ಯಾಕ್ ಲೂಪ್ ಇದೇ. ಸೆನ್ಸರ್ ಇಲ್ಲ, ವೈರ್ ಇಲ್ಲ. ಒಂದು ಸ್ಪ್ರಿಂಗ್, ಒಂದು ವಾಲ್ವ್. ಹಗುರವಾದ ಟ್ರ್ಯಾಕ್ಟರ್ ಕೂಡ ಭಾರವಾದದ್ದರ ಕೆಲಸ ಮಾಡಬಹುದು ಅಂತಾಯಿತು.

1933ರಲ್ಲಿ ತಮ್ಮದೇ ಟ್ರ್ಯಾಕ್ಟರ್ ಮಾಡಿ ಕಪ್ಪು ಬಣ್ಣ ಬಳಿದರು. ಅದರ ಗೇರ್‌ಗಳನ್ನ ಮಾಡಿಕೊಟ್ಟದ್ದು ಇಂಗ್ಲೆಂಡಿನ ಡೇವಿಡ್ ಬ್ರೌನ್ ಕಂಪನಿ. 1936ರಿಂದ ಇಬ್ಬರೂ ಸೇರಿ ಟ್ರ್ಯಾಕ್ಟರ್ ತಯಾರಿಸಿದರು. ಆದರೆ ಜೊತೆ ಭಾಳ ದಿನ ನಡೆಯಲಿಲ್ಲ. ಬ್ರೌನ್‌ಗೆ ದೊಡ್ಡ ಟ್ರ್ಯಾಕ್ಟರ್ ಬೇಕು, ಫರ್ಗುಸನ್‌ಗೆ ಬೆಲೆ ಇಳಿಯಬೇಕು. ಫರ್ಗುಸನ್ ಹಟಮಾರಿ, ತಮ್ಮ ವಿನ್ಯಾಸದಲ್ಲಿ ಯಾರಾದರೂ ಕೈಯಾಡಿಸಿದರೆ ಸಹಿಸುತ್ತಿರಲಿಲ್ಲ. ಅದೇ ಹಟ ರೈತನ ಉಪಯೋಗಕ್ಕೂ ಬಂತು ಅನ್ನಿ. ಅವರ ಟ್ರ್ಯಾಕ್ಟರಿನ ಜೊತೆ ಬರುತ್ತಿದ್ದ ಒಂದೇ ಪಾನಾದಿಂದ ನೇಗಿಲಿನ ಹೊಂದಾಣಿಕೆಯೆಲ್ಲಾ ಆಗಬೇಕು, ಅದರ ಮೇಲೆ ಅಳತೆಪಟ್ಟಿಯ ಗೆರೆಗಳೂ ಇರಬೇಕು!

1938ರಲ್ಲಿ ಅಮೆರಿಕಕ್ಕೆ ಹೋಗಿ ಹೆನ್ರಿ ಫೋರ್ಡ್ ಎದುರು ಟ್ರ್ಯಾಕ್ಟರ್ ಓಡಿಸಿ ತೋರಿಸಿದರು. ಕೀಲಿ ಕೊಡುವ ಆಟಿಕೆ ಟ್ರ್ಯಾಕ್ಟರ್ ಇಟ್ಟುಕೊಂಡು ತತ್ವ ವಿವರಿಸಿದರು. ಫೋರ್ಡ್ ಒಪ್ಪಿದರು, ಇಬ್ಬರೂ ಕೈಕುಲುಕಿದರು. ಕಾಗದ ಪತ್ರ ಏನೂ ಇಲ್ಲ. ಆ ಮಾತಿನ ಮೇಲೆಯೇ 1939ರಿಂದ ಲಕ್ಷಗಟ್ಟಲೆ ಟ್ರ್ಯಾಕ್ಟರ್ ಹೊರಬಂದವು. ಮುಂದೆ ಕಂಪನಿ ಮೊಮ್ಮಗ ಎರಡನೇ ಹೆನ್ರಿ ಫೋರ್ಡ್ ಕೈಗೆ ಬಂತು, 1947ಕ್ಕೆ ಒಪ್ಪಂದ ಮುರಿಯಿತು. ಫರ್ಗುಸನ್ ಇಲ್ಲದೆಯೇ ಅದೇ ವ್ಯವಸ್ಥೆಯ ಟ್ರ್ಯಾಕ್ಟರ್ ಮಾರುಕಟ್ಟೆಗೆ ಬಂತು. ಅವರು 25.1 ಕೋಟಿ ಡಾಲರಿಗೆ ದಾವೆ ಹೂಡಿದರು. 1952ರಲ್ಲಿ 92.5 ಲಕ್ಷ ಡಾಲರಿಗೆ ರಾಜಿಯಾಯಿತು, ಹೈಡ್ರಾಲಿಕ್ ಪಂಪಿನ ವಿನ್ಯಾಸವನ್ನ ಫೋರ್ಡ್ ಕಂಪನಿ ಬದಲಿಸಬೇಕಾಯಿತು. ಕೈಕುಲುಕಿದ್ದಕ್ಕೆ ಬೆಲೆ ಎಷ್ಟು ಅನ್ನೋದನ್ನ ಪ್ರಾಜೆಕ್ಟ್ ಪಾರ್ಟ್ನರ್ ಹುಡುಕುವಾಗ ನಾವೂ ನೆನಪಿಟ್ಟುಕೊಳ್ಳಬಹುದು.

ಅಷ್ಟರಲ್ಲಿ ಅವರು ಕೈಕಟ್ಟಿ ಕೂತಿರಲಿಲ್ಲ. 1946ರಿಂದ ಇಂಗ್ಲೆಂಡಿನ ಕವೆಂಟ್ರಿಯಲ್ಲಿ ಅವರ ಬೂದು ಬಣ್ಣದ ಪುಟ್ಟ ಟಿಇ20 ತಯಾರಾಗತೊಡಗಿತು. ಹತ್ತು ವರ್ಷದಲ್ಲಿ ಐದು ಲಕ್ಷಕ್ಕೂ ಹೆಚ್ಚು. 1958ರಲ್ಲಿ ಎಡ್ಮಂಡ್ ಹಿಲರಿ ದಕ್ಷಿಣ ಧ್ರುವ ಮುಟ್ಟಿದ್ದು ಇಂಥ ಟ್ರ್ಯಾಕ್ಟರ್‌ಗಳಲ್ಲೇ. 1953ರಲ್ಲಿ ಫರ್ಗುಸನ್ ತಮ್ಮ ಉದ್ಯಮವನ್ನ ಕೆನಡಾದ ಮ್ಯಾಸಿ-ಹ್ಯಾರಿಸ್ ಜೊತೆ ಸೇರಿಸಿದರು. ವರ್ಷದೊಳಗೆ ಅಲ್ಲೂ ಹೊಂದಲಿಲ್ಲ, ಹೊರಬಂದರು. ಕೊನೆಯ ವರ್ಷಗಳನ್ನ ನಾಲ್ಕೂ ಗಾಲಿಗೆ ಶಕ್ತಿ ಕೊಡುವ ಕಾರಿನ ಕೆಲಸದಲ್ಲಿ ಕಳೆದು, 1960ರ ಅಕ್ಟೋಬರ್ 25ರಂದು ತೀರಿಕೊಂಡರು. ಅದೇ ವರ್ಷ ಮದ್ರಾಸಿನಲ್ಲಿ ಟ್ಯಾಫೆ ಶುರುವಾಯಿತು. ಅದರ ಮೂಲಕ ಮ್ಯಾಸಿ ಫರ್ಗುಸನ್ ಹೆಸರು ನಮ್ಮ ಹೊಲಗಳಿಗೂ ಬಂತು. ಈಗ ನಮ್ಮ ದೊಡ್ಡಬಳ್ಳಾಪುರದಲ್ಲೂ ಅವರ ಕಾರ್ಖಾನೆ ಇದೆ. ಹೆಸರು ಯಾವುದೇ ಇರಲಿ, ಇವತ್ತು ಹೆಚ್ಚುಕಡಿಮೆ ಎಲ್ಲಾ ಟ್ರ್ಯಾಕ್ಟರ್ ಹಿಂದೆ ಮೂರು ತೋಳು ಇದ್ದೇ ಇರುತ್ತವೆ.

ಈಗ ದೇವಿಕೊಪ್ಪಕ್ಕೆ ಬರೋಣ. ಕ್ಲಚ್ ಒತ್ತಿದರೆ ಸದ್ದು ನಿಲ್ಲುತ್ತಿತ್ತು. ಹಾಗಾದರೆ ಇಂಜಿನ್ ಅಲ್ಲ, ಕ್ಲಚ್ಚಿನ ಥ್ರಸ್ಟ್ ಬೇರಿಂಗೂ ಅಲ್ಲ. ನ್ಯೂಟ್ರಲ್‌ನಲ್ಲಿ ಕ್ಲಚ್ ಬಿಟ್ಟರೆ ಸದ್ದು ಇತ್ತು. ಗಾಡಿ ನಿಂತಿದ್ದಾಗಲೂ ಬರುತ್ತೆ ಅಂದಮೇಲೆ ಕ್ರೌನ್ ಪಿನಿಯನ್ ಅಲ್ಲ. ಯಾವ ಗೇರಿಗೆ ಹಾಕಿದರೂ ಸದ್ದು ಒಂದೇ, ಅಂದರೆ ಒಂದು ಗೇರಿನ ಹಲ್ಲು ಮುರಿದದ್ದಲ್ಲ. ಉಳಿದದ್ದು ಗೇರ್ ಬಾಕ್ಸಿನ ಕೌಂಟರ್ ಶಾಫ್ಟ್ ಬೇರಿಂಗ್. ಮಿಸ್ತ್ರಿ ಹೇಳಿದ್ದೇ ಸರಿ ಅಂತ ನಾವೂ ತೀರ್ಪು ಕೊಟ್ಟೆವು.

ಕಾಕಾ ಮಾತ್ರ ಸುಮ್ಮನೆ ತಲೆ ಅಲ್ಲಾಡಿಸಿದರು. ರಂಟೆ ಎತ್ತಿದಾಗ ಸದ್ದು ಜೋರಾಗ್ತದಲ್ರೆಪಾ, ಅದಕ್ಕ ಏನಂತೀರಿ ಅಂತ ಕೇಳಿದರು. ಕ್ಲಚ್ ಒತ್ತಿ ಪಿಟಿಓ ಲಿವರನ್ನ ನ್ಯೂಟ್ರಲ್‌ಗೆ ತಂದು, ಕ್ಲಚ್ ಬಿಟ್ಟರು. ಸದ್ದು ಬಂದ್!

ಆ ಟ್ರ್ಯಾಕ್ಟರಿನಲ್ಲೂ ಫರ್ಗುಸನ್ ಪದ್ಧತಿಯಂತೆ ಹೈಡ್ರಾಲಿಕ್ ಪಂಪ್ ಹಿಂದಿನ ಹೌಸಿಂಗ್ ಒಳಗೇ ಇದೆ, ಪಿಟಿಓ ಶಾಫ್ಟೇ ಅದನ್ನ ತಿರುಗಿಸುತ್ತದೆ. ನ್ಯೂಟ್ರಲ್‌ನಲ್ಲೂ ತಿರುಗುವ ಆ ಪಂಪನ್ನೇ ನಾವು ಲೆಕ್ಕದಿಂದ ಬಿಟ್ಟಿದ್ದೆವು. ಗೇರ್ ಬಾಕ್ಸಿಗೂ ಪಂಪಿಗೂ ಒಂದೇ ಆಯಿಲ್. ಕಡ್ಡಿ ಎಳೆದು ನೋಡಿದರೆ ಆಯಿಲ್ ಗುರುತಿಗಿಂತ ಎಷ್ಟೋ ಕೆಳಗೆ. ಹಿಂದಿನ ಗಾಲಿಯ ಸೀಲ್ ಸೋರಿ ಸೋರಿ ಖಾಲಿಯಾಗಿತ್ತು. ಎಣ್ಣೆ ಸಾಲದೆ ಪಂಪ್ ಗಾಳಿ ಎಳೆದು ಒದರುತ್ತಿತ್ತು. ಸೀಲ್ ಬದಲಿಸಿ, ಪಂಪಿನ ಜಾಲರಿ ತೊಳೆದು, ಹೊಸ ಆಯಿಲ್ ಹಾಕಿಸಿದರು. ಗೇರ್ ಬಾಕ್ಸ್ ಬಿಚ್ಚಲಿಲ್ಲ. ಬಿತ್ತನೆಯೂ ಹದಕ್ಕೆ ಆಯಿತು.

ಸದ್ದು ಕೇಳಿದ ಜಾಗದಲ್ಲೇ ದೋಷ ಇದೆ ಅಂತ ನಾವು ನಂಬಿದ್ದೆವು. ಯಾವ ಕೆಲಸ ಮಾಡುವಾಗ ಸದ್ದು ಏರುತ್ತದೆ ಅನ್ನೋದನ್ನ ಕಾಕಾ ಗಮನಿಸಿದ್ದರು. ನೂರು ವರ್ಷದ ಹಿಂದೆ ಐರ್ಲೆಂಡಿನ ಹೊಲಗಳಲ್ಲಿ ಫರ್ಗುಸನ್ ಮತ್ತು ಸ್ಯಾಂಡ್ಸ್ ನೋಡಿದ್ದೂ ಹೀಗೇ ಇರಬೇಕು. ಮುಂದಿನ ರಜೆಗೆ ಊರಿಗೆ ಹೋದಾಗ ಟ್ರ್ಯಾಕ್ಟರ್ ಹಿಂದೆ ನಿಂತು ಆ ಮೇಲಿನ ತೋಳನ್ನ ಒಮ್ಮೆ ಮುಟ್ಟಿ ನೋಡ್ರಿ. ಆಮೇಲೆ ಓಡಿಸೋರನ್ನ ಮಾತಾಡಿಸ್ರಿ. ಸ್ಕ್ರೂ ಡ್ರೈವರ್ ಕಿವಿಗೆ ಇಡೋದು ಅದಾದ ಮೇಲೆ.